ಹೆಬ್ಬೆರಳಿಗೆ ಹದಿನೈದು ದಿನ ರಜೆ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮೆಣಸಿಗೆ ಹದಿಮೂರು ವರ್ಷ. ಹನ್ನೊಂದೂಕಾಲಿಗೆ ಹದಿನೆಂಟು. ನಡುವೆ ವಯಸ್ಸಿನ ಗುಮಾಸ್ತರು ಒಂದು ಲೋಟ ಟೀ ಕುಡಿದಿದ್ದರು, ಅಷ್ಟೇ.

ಮೆಣಸು ಅಂದರೆ ಸೋಪಕ್ಕನ ಮಗಳು. ಆಳು ಗಿಡ್ಡ, ಖಾರ ಜಾಸ್ತಿ ಅಂತ ಓಣಿಯವರು ಇಟ್ಟ ಹೆಸರು. ಅವಳ ಅಪ್ಪ ಬಸ್ ಕಂಡಕ್ಟರು. "ಬಸ್ ಪಾಸ್ ಮಾಡಿಸೋಣ ಬಾ" ಅಂತ ಅವತ್ತು ಶಾಲೆಯ ಗೇಟಿನಿಂದಲೇ ಅವಳನ್ನು ಕರೆದೊಯ್ದಿದ್ದ. ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ಹಾಗೇ ಹೋಗಿ ಗುಮಾಸ್ತರ ಮುಂದೆ ನಿಂತಳು.

"ಎಷ್ಟಮ್ಮ ವಯಸ್ಸು?"

"ಹದಿಮೂರು."

"ಅದು ನಿನ್ನ ಅಭಿಪ್ರಾಯ," ಅಂದರು ಗುಮಾಸ್ತರು. ಟೀ ಹೀರಿ ಕಂಪ್ಯೂಟರಿನತ್ತ ತಿರುಗಿದರು.

ಹದಿನೆಂಟು ತುಂಬದೆ ಮದುವೆ ನೋಂದಣಿ ಆಗುವುದಿಲ್ಲ. ಕಾನೂನು ಬಲು ಕಟ್ಟುನಿಟ್ಟು. ಹಾಗಾಗಿ ಆ ಕಚೇರಿಯಲ್ಲಿ ಕಾನೂನನ್ನು ಯಾರೂ ಮುಟ್ಟುತ್ತಿರಲಿಲ್ಲ. ವಯಸ್ಸನ್ನು ಮುಟ್ಟುತ್ತಿದ್ದರು.

ಗೋಡೆ ಪಕ್ಕದ ಬೆಂಚಿನಲ್ಲಿ ಕೂತ ಮೆಣಸು ಕಣ್ಣಿಗೆ ಬಿದ್ದಿದ್ದನ್ನೆಲ್ಲ ಓದಿದಳು. ಅವಳ ಚಾಳಿಯೇ ಅದು. ಗುಮಾಸ್ತರ ಮೇಜಿನ ಮೇಲೊಂದು ಮರದ ಫಲಕವಿತ್ತು. ಜನರ ಕಡೆಗೆ "ವಯಸ್ಸು ತಿದ್ದುಪಡಿ, ಬೆಳಿಗ್ಗೆ ಹತ್ತರಿಂದ ಎರಡು." ಗುಮಾಸ್ತರ ಹೊಟ್ಟೆಯ ಕಡೆಗೆ "ಬಾಲ್ಯವಿವಾಹ ತಡೆ, ಎರಡರಿಂದ ಐದು." ಎರಡಕ್ಕೂ ಕುರ್ಚಿ ಒಂದೇ. ಗುಮಾಸ್ತರೂ ಒಬ್ಬರೇ.

ಪರದೆಯ ಮೇಲೆ ಮೆಣಸಿನ ಸಾಲು ಹಸಿರಾಯಿತು. ಕೂಡಲೇ ಅದರ ಮೇಲಿನ, ತಾಯಿಯ ಸಾಲು ಕೆಂಪಾಯಿತು.

"ಹುಡುಗಿ ತಾಯಿಗೆ ಎಷ್ಟ್ರೀ?"

"ಇಪ್ಪತ್ತೆಂಟು ಸಾರ್," ಅಂದ ಕಂಡಕ್ಟರು.

"ಹದಿನೆಂಟು ವರ್ಷದ ಮಗಳು, ಇಪ್ಪತ್ತೆಂಟು ವರ್ಷದ ತಾಯಿ. ಅಂದ್ರೆ ಹತ್ತು ವರ್ಷಕ್ಕೆ ಹೆತ್ಲಾ? ಛೆ ಛೆ! ಇಂಥದ್ದಕ್ಕೆಲ್ಲ ನಾವಿಲ್ಲಿ ಅವಕಾಶ ಕೊಡಲ್ಲ. ತಾಯಿನ ಕರ್ಕೊಂಡ್ಬನ್ನಿ, ಅವಳನ್ನೂ ಬೆಳೆಸೋಣ."

ಸೋಪಕ್ಕ ಆಗ ದೊಡ್ಡಾಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಹೆರಿಗೆ ವಾರ್ಡಿನ ಹಾಸುಗಳನ್ನು ತುಳಿದು ಒಗೆಯುತ್ತಿದ್ದಳು. ಸಿಮೆಂಟು ತೊಟ್ಟಿ, ಮೊಣಕಾಲುದ್ದ ನೀರು, ಕಣ್ಣು ಉರಿಸುವ ಬ್ಲೀಚಿಂಗ್ ಪುಡಿ. ಬೆಳಿಗ್ಗೆ ಏಳರಿಂದ ಮೂರರವರೆಗೆ ತುಳಿಯಬೇಕು, ಉಜ್ಜಬೇಕು, ಹಿಂಡಬೇಕು. ಹಾಸು ನೋಡಿ ಹೆತ್ತವಳ ವಯಸ್ಸು ಹೇಳಬಲ್ಲಳು. ಒಂದೇ ಹೆರಿಗೆಗೆ ಏಳೆಂಟು ಹಾಸು ಬಂದರೆ ಹೆತ್ತವಳೂ ಮಗುವೇ ಅಂತ ಶೆಡ್ಡಿನವರಿಗೆಲ್ಲ ಗೊತ್ತು. ಎರಡು ಹಗಲು, ಎರಡು ರಾತ್ರಿ ತಿಂದ ಹೆರಿಗೆ ಅದು. ಆ ಕಲೆ ಮೂರು ನೀರಿಗೂ ಬಿಡುವುದಿಲ್ಲ.

ಅವಳೂ ಹಾಗೇ ಹೆತ್ತವಳು. ಹದಿನೈದಕ್ಕೆ. ಮಗು ಉಳಿಯಿತು, ಒಳಗೆ ತೂತು ಬಿತ್ತು. ಅವತ್ತಿನಿಂದ ಮೂತ್ರ ನಿಂತಿಲ್ಲ. ಹನಿ ಹನಿಯಾಗಿ, ಹಗಲೂ ರಾತ್ರಿ. ಒಗೆಯುವ ಕೆಲಸ ಹಿಡಿದಿದ್ದೇ ಅದಕ್ಕೆ. ಶೆಡ್ಡಿನಲ್ಲಿ ಎಲ್ಲರ ಬಟ್ಟೆಯೂ ಒದ್ದೆ, ಎಲ್ಲರ ಮೈಯೂ ವಾಸನೆ. ಯಾರ ಒದ್ದೆ ಯಾವುದು ಅಂತ ಯಾರು ಕೇಳುತ್ತಾರೆ? ಬೇರೆ ಕಡೆ ಮಾತ್ರ ಅವಳು ಕೂರುತ್ತಿರಲಿಲ್ಲ. ಹದಿಮೂರು ವರ್ಷದಿಂದ ಯಾರ ಮನೆಯ ಕುರ್ಚಿಯನ್ನೂ ಮುಟ್ಟಿಲ್ಲ. "ಕೂತ್ಕೋ ಸೋಪಕ್ಕ" ಅಂದರೆ "ಇಲ್ಲಕ್ಕ, ಹೊರಟೆ" ಅನ್ನುವುದೇ ಅಭ್ಯಾಸ.

ಹೊಲಿಗೆ ಹಾಕಿದರೆ ಸರಿಹೋಗುತ್ತದೆ ಅಂತ ಲೇಡಿ ಡಾಕ್ಟರು ಹೇಳಿದ್ದರು. ಹದಿನೈದು ದಿನ ಮಲಗಿರಬೇಕು. ಸೋಪಕ್ಕ ಮೂರು ಸಲ ರಜೆ ಕೇಳಿದಳು. "ಹದಿನೈದು ದಿನವಾ? ಆಸ್ಪತ್ರೆ ಏನು ಗಬ್ಬು ನಾರಬೇಕಾ?" ಅಂದಿದ್ದ ಶೆಡ್ಡಿನ ಮೇಲ್ವಿಚಾರಕ, ಮೂರು ಸಲವೂ.

ಸಂಜೆ ಕಂಡಕ್ಟರು ಸುದ್ದಿ ಒಡೆದ. "ಮೆಣಸಿಗೆ ಮದುವೆ ಗೊತ್ತಾಯ್ತು. ನಮ್ಮ ಡಿಪೋ ಮೆಕ್ಯಾನಿಕ್. ಇಪ್ಪತ್ತೊಂಬತ್ತು. ಒಳ್ಳೆ ಹುಡುಗ, ಬ್ರೇಕ್ ಹಾಕೋದ್ರಲ್ಲಿ ಅವನ ಬಿಟ್ರಿಲ್ಲ."

"ಅವಳಿಗೆ ಹದಿಮೂರು ಕಣ್ರೀ."

"ಆಗಿತ್ತು. ಇವತ್ತಿಂದ ಹದಿನೆಂಟು. ಗುರುವಾರ ನೀನೂ ಬಂದು ಹೆಬ್ಬೆಟ್ಟು ಒತ್ತು. ನಿನಗೂ ಮೂವತ್ತೇಳು ಮಾಡ್ತಾರೆ. ಹದಿನೆಂಟಕ್ಕೆ ಮದುವೆ, ಹತ್ತೊಂಬತ್ತಕ್ಕೆ ಹೆರಿಗೆ. ಎಲ್ಲ ಕ್ರಮಬದ್ಧ."

"ಮಗು ಅದು!"

"ಹನ್ನೆರಡು ದಾಟಿದ್ರೆ ಫುಲ್ ಟಿಕೆಟ್. ನನಗೆ ಗೊತ್ತಿರೋ ಕಾನೂನು ಅಷ್ಟೇ." ಆಮೇಲೆ ದನಿ ತಗ್ಗಿಸಿದ. ದನಿ ತಗ್ಗಿಸಿದಾಗಲೇ ಅವನಿಗೆ ಹೆದರಬೇಕು. "ಈ ನಾತ ಸಹಿಸ್ಕೊಂಡು ಹದಿಮೂರು ವರ್ಷ ಇಟ್ಕೊಂಡಿದ್ದೀನಿ. ಬೇರೆಯವನಾಗಿದ್ರೆ ಯಾವತ್ತೋ ಹೊರಗೆ ಹಾಕಿರೋನು. ಒತ್ತಲ್ಲ ಅಂದ್ರೆ ಹೇಳು. ಮೆಣಸು ಇಲ್ಲಿರ್ತಾಳೆ, ನೀನು ಎಲ್ಲಿರ್ತೀಯೋ ನೋಡ್ಕೋ."

ಸೋಪಕ್ಕ ಗುರುವಾರ ಹೋದಳು.

ಅವಳನ್ನು ಮೂವತ್ತೇಳು ಮಾಡಿದ್ದೇ ತಡ, ಅದರ ಮೇಲಿನ ಸಾಲು ಕೆಂಪಾಯಿತು. ಅದು ಅವಳ ಅವ್ವನ ಸಾಲು. ಅವ್ವ ಅದೇ ಶೆಡ್ಡಿನಲ್ಲಿ ಇಸ್ತ್ರಿ ಮಾಡುವವಳು. ಇಸ್ತ್ರಿ ಅಜ್ಜಿ ಅಂತಲೇ ಹೆಸರು. ಅಜ್ಜಿಯ ವಯಸ್ಸು ನಲವತ್ತಮೂರು.

"ನಲವತ್ತಮೂರರವಳಿಗೆ ಮೂವತ್ತೇಳರ ಮಗಳು," ಗುಮಾಸ್ತರು ತಲೆ ಕೆರೆದುಕೊಂಡರು. "ಆರು ವರ್ಷಕ್ಕೆ ಹೆತ್ತಂಗಾಯ್ತು. ಏನ್ರೀ ನಿಮ್ಮ ವಂಶ!"

ಇಸ್ತ್ರಿ ಅಜ್ಜಿಯನ್ನು ಕರೆಸಿದರು. ಮೊಮ್ಮಗಳಿಗೆ ಒಳ್ಳೆಯದಾಗುವ ಕಾಗದ ಅಂದರು. ಅವಳು ಒತ್ತಿದಳು. ಒಣ ಕೈ, ಗೆರೆ ಚೆನ್ನಾಗಿ ಮೂಡಿತು. ನಲವತ್ತಮೂರು ಹೋಗಿ ಐವತ್ತಾರಾಯಿತು. ಅದರ ಮೇಲಿನ ಸಾಲು ಕೆಂಪಾಯಿತು.

"ಅದ್ಯಾರಮ್ಮ?"

"ನಮ್ಮವ್ವ. ಸತ್ತೋದ್ಳು."

"ಸತ್ರೂ ಕಾನೂನು ಕಾನೂನೇ. ಯಾವಾಗ?"

"ನನ್ನ ಹೆತ್ತಾಗ್ಲೇ. ಹದಿನಾಲ್ಕು ಅವಳಿಗೆ."

ಗುಮಾಸ್ತರು ತಟತಟ ಕೀಲಿ ಒತ್ತಿದರು, ನಿಲ್ಲಿಸಿದರು, ಮತ್ತೆ ಒತ್ತಿದರು. ಹಣೆಯಲ್ಲಿ ಬೆವರು ಬಂತು. ಸಾವು ನಡೆದದ್ದು ನಲವತ್ತಮೂರು ವರ್ಷದ ಹಿಂದೆ. ಅದು ಆಸ್ಪತ್ರೆಯ ದಾಖಲೆ, ಅಲುಗಿಸಲು ಬರುವುದಿಲ್ಲ. ಆದರೆ ಕಾಗದದ ಇಸ್ತ್ರಿ ಅಜ್ಜಿ ಹುಟ್ಟಿದ್ದು ಐವತ್ತಾರು ವರ್ಷದ ಹಿಂದೆ. ಅವಳನ್ನು ಹೆರುವಾಗ ತಾಯಿಗೆ ಹತ್ತೊಂಬತ್ತು ಇರಲೇಬೇಕು.

"ಅಂದ್ರೆ ನಿಮ್ಮ ತಾಯಿ ತೀರ್ಕೊಂಡಾಗ ಅವರಿಗೆ ಮೂವತ್ತೆರಡು," ಅಂದರು ಗುಮಾಸ್ತರು. "ನಿಮಗೆ ಹದಿಮೂರು."

ಇಸ್ತ್ರಿ ಅಜ್ಜಿ ಮೇಜಿನ ಅಂಚು ಹಿಡಿದುಕೊಂಡಳು.

"ಅಂದ್ರೆ... ನಂಗೆ ಹದಿಮೂರು ವರ್ಷ ಅವ್ವ ಇದ್ಳಾ?"

"ದಾಖಲೆ ಪ್ರಕಾರ ಇದ್ರು."

"ನನ್ನ ತಲೆ ಬಾಚ್ತಿದ್ಳಾ?"

"ಅದಕ್ಕೆ ಇಲ್ಲಿ ಕಾಲಂ ಇಲ್ಲಮ್ಮ."

ಆದರೂ ಸಾಲು ಕೆಂಪಾಗಿಯೇ ಇತ್ತು. ಸಾವಿನ ಕಾರಣ ಅಂತ ಇದ್ದ ಜಾಗದಲ್ಲಿ "ಹೆರಿಗೆ" ಅಂತಿತ್ತು. ಹದಿಮೂರು ವರ್ಷದ ಮಗಳಿದ್ದಾಳೆ, ಅದೇ ಮಗಳನ್ನು ಹೆರುತ್ತಾ ತಾಯಿ ಸತ್ತಿದ್ದಾಳೆ. ಯಂತ್ರಕ್ಕೂ ತಲೆ ಕೆಟ್ಟಿತು. ಗುಮಾಸ್ತರು ಮಾತ್ರ ಸೋಲುವ ಆಸಾಮಿಯಲ್ಲ. ಕೆಳಗೆ ಹುಡುಕಿದರು. "ಹೆರಿಗೆಯ ಅವಧಿ" ಅಂತ ಒಂದು ಕಾಲಂ ಸಿಕ್ಕಿತು. ಅಲ್ಲಿ "ಹದಿಮೂರು ವರ್ಷ" ಅಂತ ಬರೆದರು.

ಸಾಲು ಹಸಿರಾಯಿತು.

ಗುಮಾಸ್ತರು ಗೆದ್ದವರಂತೆ ಹಿಂದಕ್ಕೆ ಒರಗಿದರು. ಸೋಪಕ್ಕ ಆ ಹಸಿರನ್ನೇ ನೋಡುತ್ತಾ ನಿಂತಳು. ಆ ಕಚೇರಿಯಲ್ಲಿ ಅವತ್ತು ಬರೆದದ್ದರಲ್ಲಿ ಅದೊಂದೇ ನಿಜ ಅನ್ನಿಸಿತು ಅವಳಿಗೆ. ಅವಳ ಹೆರಿಗೆಯೂ ಹದಿಮೂರು ವರ್ಷದಿಂದ ಮುಗಿದಿಲ್ಲ.

ಉಳಿದದ್ದು ಅವಳ ಹೆಬ್ಬೆಟ್ಟು. ಬೆರಳಚ್ಚು ಯಂತ್ರದ ಗಾಜಿನ ಮೇಲೆ ಇಟ್ಟಳು. ಏನೂ ಮೂಡಲಿಲ್ಲ. ಒರೆಸಿ ಇಟ್ಟಳು. ಎಡಗೈಯದೂ ಇಟ್ಟಳು. "ವ್ಯಕ್ತಿ ಲಭ್ಯವಿಲ್ಲ" ಅಂತು ಯಂತ್ರ.

ಗುಮಾಸ್ತರು ಅವಳ ಬೆರಳನ್ನು ಬೆಳಕಿಗೆ ಹಿಡಿದರು. ಸೋಪು, ಬ್ಲೀಚಿಂಗ್ ಪುಡಿ ತಿಂದು ತಿಂದು ಮೊಟ್ಟೆಯ ಸಿಪ್ಪೆಯಂತೆ ನುಣ್ಣಗಾಗಿತ್ತು. ಒಂದು ಗೆರೆಯಿಲ್ಲ.

"ಹೆಬ್ಬೆರಳಿಗೆ ವಿಶ್ರಾಂತಿ ಬೇಕು," ಅಂದರು, ವೈದ್ಯರ ಗತ್ತಿನಲ್ಲಿ. "ಹದಿನೈದು ದಿನ ನೀರು, ಸೋಪು ಮುಟ್ಟಬಾರ್ದು. ಗೆರೆ ಚಿಗುರುತ್ತೆ. ನೀವು ಒತ್ತೋವರೆಗೂ ಇದ್ಯಾವುದೂ ಪಕ್ಕಾ ಅಲ್ಲ. ನಾನು ಪತ್ರ ಕೊಡ್ತೀನಿ."

ಪತ್ರದಲ್ಲಿ "ಕಚೇರಿಯ ಕೆಲಸದ ನಿಮಿತ್ತ ಸದರಿ ಹೆಬ್ಬೆರಳಿಗೆ ಹದಿನೈದು ದಿನ ರಜೆ ನೀಡತಕ್ಕದ್ದು" ಎಂದಿತ್ತು. ಮೇಲ್ವಿಚಾರಕ ಎರಡೆರಡು ಸಲ ಓದಿದ. "ರಜೆ ಹೆಬ್ಬೆರಳಿಗೆ ತಾನೇ? ಉಳಿದ ಬೆರಳು ಕೆಲಸ ಮಾಡ್ಲಿ" ಅಂದ. ಹೆಬ್ಬೆರಳು ಮಡಿಸಿಕೋ ಅಂತ ಹೇಳಿ ಹಾಸು ಹಿಂಡಿಸಿ ನೋಡಿದ. ಆಗಲಿಲ್ಲ. ಕೊನೆಗೆ ಹೆಬ್ಬೆರಳಿನ ಜತೆ ಸೋಪಕ್ಕನನ್ನೂ ಮನೆಗೆ ಕಳಿಸಿದ.

ಆಗ ಶುರುವಾಯಿತು ಬೆರಳಿನ ಬಾಣಂತನ. ಕಂಡಕ್ಟರು ದಿನಾ ಬೆಳಿಗ್ಗೆ ಬೆಚ್ಚಗಿನ ಎಣ್ಣೆ ಹಚ್ಚಿದ, ಮೆತ್ತನೆ ಬಟ್ಟೆ ಸುತ್ತಿದ. "ಏ, ಬಿಸಿ ಪಾತ್ರೆ ಮುಟ್ಬೇಡ! ಗಾಳಿಗೆ ಒಡ್ಬೇಡ!" ಪಾತ್ರೆ ಅವನೇ ತೊಳೆದ. ನೀರು ಅವನೇ ಹಿಡಿದ. ಮೂರನೇ ದಿನಕ್ಕೆ ಅವನ ಅಂಗೈ ಸುಕ್ಕಾಯಿತು. "ಥೂ, ಟಿಕೆಟ್ ಹರಿಯೋಕೂ ಆಗ್ತಿಲ್ಲ ಕಣೇ" ಅಂತ ಗೊಣಗಿದ. ಮೆಕ್ಯಾನಿಕ್ಕಿನ ತಾಯಿ ಬೆರಳು ನೋಡಿಕೊಂಡು ಹೋಗಲು ಬಂದಳು. "ಎರಡು ಗೆರೆ ಕಾಣ್ತಿದೆ, ಒಳ್ಳೆದಾಗ್ಲಿ" ಅಂತ ಹರಸಿದಳು. ಸೋಪಕ್ಕನತ್ತ ನೋಡಲಿಲ್ಲ. ಹೋಗುವಾಗ ಮೂಗು ಮುಚ್ಚಿಕೊಂಡಳು.

ಸೋಪಕ್ಕ ಗೋಡೆಗೆ ಒರಗಿ ಯೋಚಿಸಿದಳು. ಮೆಣಸು ಹುಟ್ಟಿದ ಒಂಬತ್ತನೇ ದಿನ ತನ್ನನ್ನು ತೊಟ್ಟಿಗೆ ಇಳಿಸಿದ್ದರು. ರಕ್ತ ಇನ್ನೂ ನಿಂತಿರಲಿಲ್ಲ.

ಅದೇ ವಾರ ಶೆಡ್ಡಿನಲ್ಲಿ ಇಸ್ತ್ರಿ ಅಜ್ಜಿಯ ಬೀಳ್ಕೊಡುಗೆ ನಡೆಯಿತು. ಐವತ್ತೈದಕ್ಕೆ ನಿವೃತ್ತಿ. ಪಕ್ಕಾ ಆಗುವ ಮೊದಲೇ ಇವಳಿಗೆ ಐವತ್ತಾರು ಅಂತ ಕಚೇರಿಯಿಂದ ಸುದ್ದಿ ಹೋಗಿತ್ತು. ಒಂದು ವರ್ಷ ಹೆಚ್ಚಿಗೆ ದುಡಿದದ್ದಕ್ಕೆ ಮೊದಲು ಕ್ಷಮಾಪಣೆ ಬರೆಸಿಕೊಂಡರು, ಆಮೇಲೆ ಹಾರ ಹಾಕಿದರು. "ಈ ಹಿರಿಯ ಜೀವ ಇನ್ನಾದರೂ ಸುಖವಾಗಿ ಕಾಲ ಕಳೆಯಲಿ" ಅಂತ ಭಾಷಣ ಮಾಡಿದ ಮೇಲ್ವಿಚಾರಕನಿಗೆ ಐವತ್ತೆರಡು. ಉಡುಗೊರೆ ಅಂತ ಒಂದು ಊರುಗೋಲು ಕೊಟ್ಟ. ಅಜ್ಜಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬೀಸುಗಾಲಲ್ಲಿ ಮನೆಗೆ ಬಂದಳು.

ಆಶ್ಚರ್ಯ ಅಂದರೆ ಅಜ್ಜಿಗೆ ಬೇಸರವಿರಲಿಲ್ಲ. ಕೆಲಸ ಹೋದರೂ ಮುಖದಲ್ಲಿ ಕಳೆ ಬಂದಿತ್ತು. ಓಣಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮವ್ವ ಮೂವತ್ತೆರಡರವರೆಗೂ ಇದ್ಳಂತೆ" ಅನ್ನುತ್ತಿದ್ದಳು. ನಾಲ್ಕು ದಿನಕ್ಕೆ "ಅಂತೆ" ಬಿಟ್ಟಳು. "ನನ್ನ ಜಡೆ ಬಿಗಿಯಾಗಿ ಹೆಣೀತಿದ್ಳು, ನೋಯ್ತದೆ ಅಂದ್ರೆ ತಲೆ ಮೇಲೊಂದು ಮೊಟಕ್ತಿದ್ಳು."

"ಅವ್ವಾ, ಅದು ಗುಮಾಸ್ತ ಕಟ್ಟಿದ್ದು," ಅಂದಳು ಸೋಪಕ್ಕ.

"ಇರ್ಲಿ ಬಿಡೇ. ಇಷ್ಟು ದಿನ ಅದನ್ನಾದ್ರೂ ಯಾರು ಕಟ್ಟಿದ್ರು?"

ಎಲ್ಲರೂ ಬೆರಳು ನೋಡಿದರು. ಒಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಸೋಪಕ್ಕ ದಿನಕ್ಕೆ ಆರೇಳು ಸಲ ಬದಲಿಸುವ ಬಟ್ಟೆಗಳನ್ನು ಈಗ ಒಗೆಯುವವರು ಯಾರು? ಕಂಡಕ್ಟರು ಕೋಲಿನ ತುದಿಯಿಂದ ಎತ್ತಿ ಬಕೆಟ್ಟಿಗೆ ಹಾಕಿ "ಮೆಣಸೂ" ಅಂತ ಕೂಗಿದ.

ಶಾಲೆಯಿಂದ ಬಂದ ಮೆಣಸು ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಒಂದು, ಎರಡು, ಏಳು ತುಂಡು. ಎಲ್ಲ ಒಂದೇ ವಾಸನೆ. ಅವ್ವನ ಮೈವಾಸನೆ ಅಂತ ಹುಟ್ಟಿದಾಗಿನಿಂದ ತಿಳಿದಿದ್ದಳು ಅದನ್ನು.

"ಅವ್ವಾ, ನಿಂಗೆ ದಿನಾ ಹಿಂಗೇ ಆಗುತ್ತಾ?"

"ಹೂಂ."

"ಯಾವಾಗಿಂದ?"

"ನೀನು ಹುಟ್ಟಿದಾಗಿಂದ."

"ನನ್ನಿಂದಾನಾ?"

ಸೋಪಕ್ಕ ಬಟ್ಟೆ ಸುತ್ತಿದ ಬೆರಳನ್ನು ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿನ್ನಿಂದಲ್ಲ. ನಿಂಗೆ ಬರೋಕೆ ನನ್ನಲ್ಲಿ ದಾರಿನೇ ಇರ್ಲಿಲ್ಲ ಕಣೇ. ಮೈ ಇನ್ನೂ ಬೆಳೆದಿರ್ಲಿಲ್ಲ. ಎರಡು ಹಗಲು, ಎರಡು ರಾತ್ರಿ ನೀನು ಒಳಗೇ ಸಿಕ್ಕಾಕ್ಕೊಂಡಿದ್ದೆ. ಹರಿದು ಬಂದೆ. ಹರಿದದ್ದು ಹಾಗೇ ಉಳೀತು."

ಮೆಣಸು ಬಟ್ಟೆ ಉಜ್ಜುವುದನ್ನು ನಿಲ್ಲಿಸಿದಳು. ತನ್ನ ಸೊಂಟ ನೋಡಿಕೊಂಡಳು. ಎರಡು ಕೈಯಿಂದ ಅಳತೆ ಹಿಡಿದು ನೋಡಿದಳು. ಕೈ ಸುತ್ತ ಕೂಡಿಬಿಡುವಷ್ಟೇ ಇತ್ತು.

"ಮೆಕ್ಯಾನಿಕ್ ಇದನ್ನ ರಿಪೇರಿ ಮಾಡ್ತಾನಾ?" ಅಂದಳು.

ಸೋಪಕ್ಕನಿಗೆ ನಗು ಬಂತು. ನಗುತ್ತಾ ನಗುತ್ತಾ ಬಟ್ಟೆ ಒದ್ದೆಯಾಯಿತು. ಒದ್ದೆಯಾಗಿದ್ದು ಕಂಡು ಅಳು ಬಂತು. ಮೆಣಸು ಎದ್ದು ಬಂದು ಅವ್ವನ ಕಿವಿಯಲ್ಲಿ ಆ ಮರದ ಫಲಕದ ಸಂಗತಿ ಹೇಳಿದಳು. ಮುಂದಿನ ಕಡೆ ಏನಿದೆ, ಹಿಂದಿನ ಕಡೆ ಏನಿದೆ.

ಹದಿನಾರನೇ ದಿನ ಹನ್ನೊಂದೂವರೆಗೆ ಎಲ್ಲರೂ ಕಚೇರಿಗೆ ಹೋದರು. ಮುಂದೆ ಕಂಡಕ್ಟರು, ಅವನ ಹಿಂದೆ ಬಟ್ಟೆ ಸುತ್ತಿದ ಹೆಬ್ಬೆರಳು, ಅದರ ಹಿಂದೆ ಸೋಪಕ್ಕ, ಆಮೇಲೆ ಊರುಗೋಲು ಹೊತ್ತ ಇಸ್ತ್ರಿ ಅಜ್ಜಿ, ಕೊನೆಗೆ ಶಾಲೆಯ ಬಟ್ಟೆಯಲ್ಲೇ ಮೆಣಸು. ಗುಮಾಸ್ತರು ಬೆರಳಿನ ಬಟ್ಟೆ ಬಿಚ್ಚಿ ನೋಡಿ ಚಪ್ಪಾಳೆ ತಟ್ಟಿದರು. ಸುರುಳಿ ಸುರುಳಿ ಗೆರೆ, ಹೊಸದಾಗಿ ಅಚ್ಚು ಹಾಕಿದ ಹಾಗೆ.

"ಒತ್ತಿ."

ಸೋಪಕ್ಕ ಒತ್ತಲಿಲ್ಲ. ಮೇಜಿನ ಎದುರು ಸಾಹೇಬರು ಬಂದರೆ ಕೂರಲೆಂದು ಇಟ್ಟಿದ್ದ ಮೆತ್ತೆಯ ಕುರ್ಚಿಯಿತ್ತು. ಅದನ್ನು ಎಳೆದಳು. ಕೂತಳು.

ಕಂಡಕ್ಟರ ಮುಖದ ಬಣ್ಣ ಹೋಯಿತು. "ಏ! ಏಳೇ ಮೇಲೆ! ಎಲ್ಲಿ ಕೂತಿದ್ದೀಯ ಗೊತ್ತಾ?"

"ಗೊತ್ತು," ಅಂದಳು. ಗುಮಾಸ್ತರ ಕಡೆ ತಿರುಗಿದಳು. "ಸಾರ್, ಇದನ್ನ ಒತ್ತಿದ್ರೆ ನಾನು ಹೆತ್ತಿದ್ದು ಹತ್ತೊಂಬತ್ತಕ್ಕೆ ಅಂತ ಆಗುತ್ತಾ?"

"ಆಗುತ್ತೆ."

"ಹತ್ತೊಂಬತ್ತಕ್ಕೆ ಹೆತ್ತಿದ್ರೆ ಇದು ಆಗ್ತಿರ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಹಾಗಾದ್ರೆ ಒತ್ತಿದ ತಕ್ಷಣ ಇದು ನಿಲ್ಬೇಕು ತಾನೇ?"

"ಯಾವುದು?"

"ಮೂತ್ರ."

ಕುರ್ಚಿಯ ಕಾಲಿನ ಪಕ್ಕ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಬೆಂಚಿನಲ್ಲಿದ್ದವರು ಕಾಲು ಎತ್ತಿಕೊಂಡರು.

"ನಿಲ್ಲುತ್ತೆ ಅಂತ ಬರ್ಕೊಡಿ. ಈಗ್ಲೇ ಒತ್ತುತ್ತೀನಿ."

"ಅದು... ನಮ್ಮ ವ್ಯಾಪ್ತಿಗೆ ಬರಲ್ಲಮ್ಮ. ಏಳಿ, ದಯವಿಟ್ಟು ಏಳಿ."

"ಏಳಲ್ಲ. ಹದಿಮೂರು ವರ್ಷ ನಿಂತಿದ್ದೀನಿ. ಈಗ ಕೂತಿದ್ದೀನಿ."

ಕಂಡಕ್ಟರು ರಟ್ಟೆ ಹಿಡಿದು ಎಳೆಯಲು ಬಂದ. ಇಸ್ತ್ರಿ ಅಜ್ಜಿ ಊರುಗೋಲನ್ನು ಅಡ್ಡ ಹಿಡಿದಳು. "ಮುಟ್ಟಿ ನೋಡು ಅಳಿಯಾ. ಆಸ್ಪತ್ರೆಯವರು ಕೊಟ್ಟಿರೋದು, ಗಟ್ಟಿಯಾಗಿದೆ." ಕಂಡಕ್ಟರು ಬಾಗಿಲಿಗೆ ಹೋಗಿ ನಿಂತ. ಒಳಗೆ ಬರಲೂ ಇಲ್ಲ, ಇಳಿಯಲೂ ಇಲ್ಲ. ರೂಢಿ.

ಸೋಪಕ್ಕ ಕೂತೇ ಇದ್ದಳು. ಹನ್ನೆರಡಾಯಿತು. ಒಂದಾಯಿತು. ಗುಮಾಸ್ತರು ಕಿಟಕಿ ತೆರೆದರು. ಊಟದ ಡಬ್ಬಿ ತೆರೆದು ಮುಚ್ಚಿದರು. ಎರಡು ಹೊಡೆಯಿತು.

ಮೆಣಸು ಮೇಜಿನ ಹತ್ತಿರ ಹೋದಳು. ಫಲಕ ತಿರುಗಿಸಿ ಇಟ್ಟಳು.

"ಅವ್ವನ ದೂರು ತಗೊಳ್ಳಿ ಸಾರ್."

ಗುಮಾಸ್ತರು ಫಲಕ ನೋಡಿದರು, ಗಡಿಯಾರ ನೋಡಿದರು. ಬೇರೆ ದಾರಿಯಿರಲಿಲ್ಲ. ಬೇರೆ ಪುಸ್ತಕ ತೆಗೆದರು, ದನಿಯೂ ಬೇರೆಯಾಯಿತು. "ಹೇಳಿ ತಾಯಿ. ಬಾಲ್ಯವಿವಾಹ ಮಹಾಪಾಪ. ಯಾರ ಮೇಲೆ ದೂರು?"

"ಇವಳ ಅಪ್ಪನ ಮೇಲೆ. ಡಿಪೋ ಮೆಕ್ಯಾನಿಕ್ ಮೇಲೆ. ಬೆಳಿಗ್ಗೆ ಈ ಕುರ್ಚಿಲಿ ಕೂತು ವಯಸ್ಸು ತಿದ್ದಿದವರ ಮೇಲೆ."

"ಅದು ನಾನೇ ಅಲ್ವೇನಮ್ಮ?"

"ಅದು ನಿಮ್ಮ ಅಭಿಪ್ರಾಯ," ಅಂದಳು ಮೆಣಸು.

ಅಜ್ಜಿ ಊರುಗೋಲಿನಿಂದ ನೆಲ ಕುಟ್ಟಿದಳು. ಗುಮಾಸ್ತರು ಬರೆದರು. ತಮಗೇ ನೋಟಿಸು ಬರೆದು, ಕಳಿಸಿದವರ ಜಾಗದಲ್ಲಿ ಸಹಿ ಹಾಕಿ, ಆ ಕಡೆ ಈ ಕಡೆ ನೋಡಿ, ತಲುಪಿದ್ದಕ್ಕೂ ಸಹಿ ಹಾಕಿದರು. ತಾಯಿಯ ವಯಸ್ಸು ಇಪ್ಪತ್ತೆಂಟು. ಮಗಳ ವಯಸ್ಸು ಹದಿಮೂರು. ಸೋಪಕ್ಕ ಗಾಜಿನ ಮೇಲೆ ಹೆಬ್ಬೆರಳಿಟ್ಟಳು. ಹದಿನೈದು ದಿನ ಎಣ್ಣೆ ಕುಡಿದ ಬೆರಳು. ಒಂದೇ ಸಲಕ್ಕೆ ಮೂಡಿತು.

ಪರದೆಯ ಮೇಲಿನ ಸಾಲುಗಳು ಕೆಳಗಿನಿಂದ ಒಂದೊಂದಾಗಿ ಹಿಂದಕ್ಕೆ ಹೋದವು. ಹದಿನೆಂಟು ಹದಿಮೂರಾಯಿತು. ಮೂವತ್ತೇಳು ಇಪ್ಪತ್ತೆಂಟಾಯಿತು. ಐವತ್ತಾರು ನಲವತ್ತಮೂರಾಯಿತು. ಮೇಲಿನ ಸಾಲಿಗೆ ಬಂದಾಗ ಇಸ್ತ್ರಿ ಅಜ್ಜಿ "ಒಂದು ನಿಮಿಷ ಸಾರ್" ಅಂದಳು.

ಯಂತ್ರ ನಿಲ್ಲಲಿಲ್ಲ. ಮೂವತ್ತೆರಡು ಹದಿನಾಲ್ಕಾಯಿತು.

ಅಜ್ಜಿ ಪರದೆಯನ್ನು ನೋಡುತ್ತಲೇ ಇದ್ದಳು. ಎರಡನೇ ಸಲ ಅವ್ವನನ್ನು ಕಳೆದುಕೊಂಡ ಮುಖ. ಆಮೇಲೆ ಮೆಣಸನ್ನು ಹತ್ತಿರ ಎಳೆದುಕೊಂಡು ಅವಳ ಜಡೆ ಬಿಚ್ಚಿದಳು. ಅಲ್ಲೇ, ಕಚೇರಿಯಲ್ಲೇ, ಮತ್ತೆ ಹೆಣೆಯತೊಡಗಿದಳು.

"ಅಜ್ಜೀ, ನೋಯ್ತದೆ."

ಅಜ್ಜಿ ತಲೆಯ ಮೇಲೊಂದು ಮೊಟಕಿದಳು.

ಮದುವೆ ನಿಂತಿತು. ಐದು ವರ್ಷ ಕಾಯುತ್ತೇನೆ ಅಂತ ಮೆಕ್ಯಾನಿಕ್ ಹೇಳಿ ಕಳಿಸಿದ. "ಈ ಬಸ್ಸು ಆ ಸ್ಟಾಪಲ್ಲಿ ನಿಲ್ಲಲ್ಲ ಅಂತ ಹೇಳು ಅಪ್ಪಾ," ಅಂದಳು ಮೆಣಸು. ಕಂಡಕ್ಟರು ಹೆಂಡತಿಯನ್ನು ಹೊರಗೆ ಹಾಕುವ ಮಾತನ್ನು ಮತ್ತೆ ಆಡಲಿಲ್ಲ. ತನ್ನ ಹೆಸರಿನ ನೋಟಿಸು ಅವನ ಜೇಬಿನಲ್ಲಿತ್ತು. "ನಾಳೆಯಿಂದ ಪಾತ್ರೆ ನೀನೇ ತೊಳ್ಕೋ" ಅಂದ, ಅಷ್ಟೇ.

ನಿವೃತ್ತರಾದವರನ್ನು ವಾಪಸು ತೆಗೆದುಕೊಳ್ಳುವ ನಿಯಮ ಆಸ್ಪತ್ರೆಯಲ್ಲಿರಲಿಲ್ಲ. ಇಸ್ತ್ರಿ ಅಜ್ಜಿಯನ್ನು ಹೊಸಬಳು ಅಂತ ಸೇರಿಸಿಕೊಂಡರು. ಅನುಭವವಿಲ್ಲದ ಕಾರಣ ಮಗಳ ಕೈಕೆಳಗೆ ಕೆಲಸ ಕಲಿಯಬೇಕು ಅಂದರು. ಅಜ್ಜಿ ಊರುಗೋಲಿನಿಂದ ತೊಟ್ಟಿಯ ಹಾಸು ತಿರುವುತ್ತಾ "ಇದು ಹಿಂಗೇನಕ್ಕಾ?" ಅಂತ ಕೇಳಿ ಕೇಳಿ ಮಗಳನ್ನು ಗೋಳು ಹೊಯ್ದುಕೊಂಡಳು.

ಸೋಪಕ್ಕ ನಾಲ್ಕನೇ ಸಲ ರಜೆಯ ಅರ್ಜಿ ಕೊಟ್ಟಳು. ಹೊಲಿಗೆಗೆ, ಹದಿನೈದು ದಿನ. ಹೆಬ್ಬೆರಳಿನ ಪತ್ರವನ್ನೂ ಜತೆಗಿಟ್ಟಳು. ಮೇಲ್ವಿಚಾರಕ ಬಾಯಿ ತೆರೆಯುವ ಮೊದಲೇ ಅವನ ಕುರ್ಚಿ ಎಳೆದು ಕೂತಳು.

"ಎಷ್ಟೊತ್ತು ಕೂರ್ತೀಯ?" ಅಂದ ಅವನು.

"ಸಹಿ ಆಗೋವರೆಗೂ."

ಸಹಿಯಾಯಿತು. ಬರುವ ತಿಂಗಳಿಂದ ರಜೆ. ಅಲ್ಲಿಯವರೆಗೆ ಕೆಲಸ. ಅವಳು ತೊಟ್ಟಿಗೆ ಇಳಿದಳು. ಒಂದೇ ಹೆರಿಗೆಯ ಎಂಟು ಹಾಸು ಬಿದ್ದಿದ್ದವು. ಕೈ ಅದ್ದಿದಳು. ಬ್ಲೀಚಿಂಗ್ ಪುಡಿ ಉರಿಯಿತು. ಮೂರು ದಿನಕ್ಕೆ ಹೆಬ್ಬೆರಳಿನ ಗೆರೆ ಮಾಸಿತು, ಐದು ದಿನಕ್ಕೆ ಪೂರಾ ಹೋಯಿತು.

ಹೋಗಲಿ. ಒತ್ತಬೇಕಾದದ್ದನ್ನು ಒತ್ತಿಯಾಗಿತ್ತು.